ಆಚಾರ್ರ ಮಿಷನ್ ಗುಜರಿಗೆ ಹೋಗುವ ಮೊದಲು

ನಮ್ಮೂರ ಆಚಾರ್ರ ಅಂಗಡಿಯ ಮೂಲೆಯಲ್ಲಿ ಒಂದು ರೋಲಿಂಗ್ ಮಿಷನ್ ಇದೆ. ಎರಡು ಉಕ್ಕಿನ ಉರುಳೆ, ಪಕ್ಕದಲ್ಲೊಂದು ಉದ್ದನೆಯ ಹಿಡಿ. ಚಿನ್ನವನ್ನೋ ಬೆಳ್ಳಿಯನ್ನೋ ನಡುವೆ ಕೊಟ್ಟು ಹಿಡಿ ತಿರುಗಿಸಿದರೆ ತೆಳ್ಳಗಿನ ತಗಡಾಗಿ ಆಚೆ ಬರುತ್ತದೆ. ಕಬ್ಬಿನ ಗಾಣ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಅದರ ಮೇಲೆ ಹಳೇ ಗೋಣಿಚೀಲ ಹೊದಿಸಿದ್ದಾರೆ. ಮದುವೆ ಒಡವೆಗೆ ಜನ ಪೇಟೆಯ ಶೋರೂಮಿಗೆ ಹೋಗುತ್ತಾರೆ. ಆಚಾರ್ರಿಗೆ ಉಳಿದದ್ದು ಮಕ್ಕಳ ಕಿವಿ ಚುಚ್ಚುವುದು, ಸಡಿಲವಾದ ಕಾಲುಂಗುರ ಸರಿ ಮಾಡುವುದು, ತುಂಡಾದ ಸರಕ್ಕೆ ಬೆಸುಗೆ ಹಾಕುವುದು. ಮೊನ್ನೆ ಹೋದಾಗ ಅಂದರು: "ಗುಜರಿಯವನು ಎರಡು ಸಲ ಕೇಳಿ ಹೋದ ಮಗಾ. ಕಬ್ಬಿಣದ ತೂಕಕ್ಕೆ ಕೊಟ್ಟುಬಿಡ್ತೀನಿ."

ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ. ಆ ಮಿಷನ್‌ಗೆ ಇನ್ನೂ ಕೆಲಸ ಇದೆ. ಚಿನ್ನದ ಕೆಲಸ ಅಲ್ಲ, ತಾಮ್ರದ್ದು.

ಮೊಬೈಲಿನಲ್ಲಿ ನೀವೂ ನೋಡಿರಬಹುದು: ಎಲೆಯ ನರಗಳು, ಬಟ್ಟೆಯ ನೇಯ್ಗೆ ಮೂಡಿರುವ ತಾಮ್ರದ ಓಲೆ, ಪದಕ, ಕೈಬಳೆ. ಅದನ್ನು ಯಾರೂ ಕೂತು ಕೆತ್ತಿರುವುದಿಲ್ಲ. ತಗಡಿನ ಜೊತೆ ಎಲೆಯನ್ನೇ ಇಟ್ಟು ರೋಲಿಂಗ್ ಮಿಷನ್‌ಗೆ ಕೊಟ್ಟಿರುತ್ತಾರೆ. ಉರುಳೆಯ ಒತ್ತಡಕ್ಕೆ ಎಲೆಯ ಅಚ್ಚು ತಾಮ್ರಕ್ಕೆ ಇಳಿಯುತ್ತದೆ.

ನಾನೂ ಮಾಡಿ ನೋಡಿದೆ. ಪೇಟೆಯಿಂದ ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಗಡು ತಂದು, ಶಾಲೆಯ ಪುಸ್ತಕದಲ್ಲಿ ಒಣಗಿಸಿಟ್ಟಿದ್ದ ಅರಳಿ ಎಲೆಯ ಜಾಲರಿ ಇಟ್ಟು ಹಿಡಿ ತಿರುಗಿಸಿದೆ. ಎಲೆ ಪುಡಿಯಾಯಿತು, ತಗಡಿನ ಮೇಲೆ ನಾಲ್ಕು ಮಸುಕು ಗೆರೆ ಬಿತ್ತು ಅಷ್ಟೆ. ಆಚಾರ್ರು ನಕ್ಕರು. "ಹಿಟ್ಟು ನಾದದೆ ಚಪಾತಿ ಲಟ್ಟಿಸಿದ ಹಾಗಾಯ್ತು."

ನಾದುವುದು ಅಂದರೆ ಇಲ್ಲಿ ಕಾಯಿಸುವುದು. ಅಂಗಡಿಯಿಂದ ಬರುವ ತಗಡು ಗಡುಸಾಗಿರುತ್ತದೆ. ಅವರು ಅಂಗಡಿಯ ಬಾಗಿಲು ಅರ್ಧ ಮುಚ್ಚಿದರು. ಬೆಳಕು ಜಾಸ್ತಿ ಇದ್ದರೆ ಲೋಹದ ಬಣ್ಣ ತಿಳಿಯುವುದಿಲ್ಲ. ತಗಡು ಮಬ್ಬು ಕೆಂಪಾಗುವವರೆಗೆ ಬೆಂಕಿ ಹಿಡಿದು, ನೀರಿಗೆ ಹಾಕಿದರು. ಮೇಲೆ ಕೂತ ಕಪ್ಪನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿ ತಿಕ್ಕಿದೆವು. ಆಮೇಲೆ ಹನಿ ನೀರೂ ಉಳಿಯದಂತೆ ಒರೆಸಿದರು, ಒದ್ದೆ ತಗಡು ಕೊಟ್ಟರೆ ಉರುಳೆಗೆ ತುಕ್ಕು ಹಿಡಿಯುತ್ತದೆ. ಈಗ ತಗಡು ಕೈಯಲ್ಲೇ ಬಾಗುವಷ್ಟು ಮೆತ್ತಗಾಗಿತ್ತು. ಎಲೆ ಇಟ್ಟು, ಮೇಲೆ ತೆಳು ಹಿತ್ತಾಳೆ ತಗಡು ಮುಚ್ಚಿ, ಉರುಳೆಗಳನ್ನು ಬಿಗಿ ಮಾಡಿ, ಒಂದೇ ಸಲ ತಿರುಗಿಸಿದೆವು. ಎರಡನೇ ಸಲ ಕೊಟ್ಟರೆ ಅಚ್ಚು ಕದಡಿಹೋಗುತ್ತದೆ. ಬಿಡಿಸಿ ನೋಡಿದರೆ ಎಲೆಯ ಸಣ್ಣ ಸಣ್ಣ ನರವೂ ತಾಮ್ರದಲ್ಲಿ ಕೂತಿತ್ತು.

ಅಚ್ಚು ಒತ್ತಿದ ಮೇಲೆಯೇ ಓಲೆಯ ಆಕಾರ ಕತ್ತರಿಸಬೇಕು. ಮಿಷನ್‌ನಲ್ಲಿ ತಗಡು ಉದ್ದಕ್ಕೆ ಹಿಗ್ಗುವುದರಿಂದ, ಮೊದಲೇ ದುಂಡಗೆ ಕತ್ತರಿಸಿದ್ದು ಮೊಟ್ಟೆಯಾಕಾರ ಆಗಿಬಿಡುತ್ತದೆ. ಮೊಟ್ಟೆ ಅಂದಾಗ ನೆನಪಾಯಿತು. ಬೇಯಿಸಿದ ಮೊಟ್ಟೆಯನ್ನು ಒಡೆದು ತಾಮ್ರದ ಜೊತೆ ಬಿಗಿ ಡಬ್ಬಿಯಲ್ಲಿಟ್ಟರೆ ಅದರ ಗಂಧಕದಿಂದ ತಾಮ್ರ ಕಪ್ಪಾಗುತ್ತದೆ. ಮೇಲ್ಭಾಗ ಉಜ್ಜಿದರೆ ಗೆರೆಗಳಲ್ಲಿ ಮಾತ್ರ ಕಪ್ಪು ಉಳಿದು ಅಚ್ಚು ಎದ್ದು ಕಾಣುತ್ತದೆ.

"ತಾಮ್ರ ಯಾರು ಹಾಕ್ಕೊಳ್ತಾರೆ?" ಎಂದು ನಮ್ಮಮ್ಮನೇ ಕೇಳಿದರು. ಮದುವೆಗೆ ಯಾರೂ ಹಾಕಿಕೊಳ್ಳುವುದಿಲ್ಲ, ನಿಜ. ಆದರೆ ಕಾಲೇಜಿಗೆ, ಕೆಲಸಕ್ಕೆ ಹೋಗುವ ಹುಡುಗಿಯರು ಹಾಕುವ ಓಲೆ ಈಗಲೂ ಚಿನ್ನದ್ದೇನಲ್ಲ. ಸಂತೆಯಲ್ಲಿ, ಜಾತ್ರೆಯಲ್ಲಿ ಕೊಳ್ಳುವ ಫ್ಯಾನ್ಸಿ ಓಲೆಯ ಪಕ್ಕದಲ್ಲಿ ನಮ್ಮೂರ ಅರಳಿ ಎಲೆಯ ಓಲೆಯೂ ಇರಬಹುದಲ್ಲ.

ಆದರೆ ನನಗೆ ಮಾರಾಟಕ್ಕಿಂತ ದೊಡ್ಡದಾಗಿ ಕಾಣುವುದು ಕಲಿಕೆ. ಚಿನ್ನದಲ್ಲಿ ಹೊಸಬರಿಗೆ ಕಲಿಸುವುದು ಕಷ್ಟ. ಅರ ಹಾಕಿದಾಗ ಉದುರುವ ಪುಡಿಗೂ ಲೆಕ್ಕ ಇರುತ್ತದೆ. ಒಂದು ಗ್ರಾಂ ಚಿನ್ನದ ಬೆಲೆಗೆ ಕಿಲೋಗಟ್ಟಲೆ ತಾಮ್ರ ಬರುವಾಗ, ಹತ್ತು ತಗಡು ಕೆಟ್ಟರೂ ಯಾರ ಮನೆಯೂ ಮುಳುಗುವುದಿಲ್ಲ. ಈ ವಿದ್ಯೆ ಅಪ್ಪನಿಂದ ಮಗನಿಗೆ ಹೋಗುತ್ತಿತ್ತು. ಆಚಾರ್ರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಾಗಿದ್ದರೆ ಊರಿನ ಬೇರೆ ಹುಡುಗ ಹುಡುಗಿಯರಿಗೆ ಯಾಕೆ ಹೋಗಬಾರದು?

ಇಲ್ಲೊಂದು ಮಾತು. ವಿಡಿಯೋ ನೋಡಿ ಮಿಷನ್ ಕೊಳ್ಳಲು ಹೊರಡಬೇಡಿ. ಹೊಸದಕ್ಕೆ ಸಾವಿರಾರು ರೂಪಾಯಿ ಬೇಕು, ಮನೆಯಲ್ಲಿ ಬೆಂಕಿಯ ಕೆಲಸಕ್ಕೆ ಜಾಗವೂ ಬೇಕು. ಕಾಯಿಸುವುದು, ಒತ್ತುವುದು ಆಚಾರ್ರಲ್ಲಿ ಆಗಲಿ. ತಗಡಿಗೆ ಇಷ್ಟು ಎಂದು ಅವರಿಗೆ ಕೂಲಿ ಕೊಡಿ. ಕತ್ತರಿಸುವುದು, ಅರ ಹಾಕುವುದು, ಉಜ್ಜುವುದು ಮನೆಯಲ್ಲಿ ಮಾಡಿ. ಅವರಿಗೂ ಅದೇ ಅನುಕೂಲ. ಚಿನ್ನದ ಕೆಲಸ ಮಾಡುವ ಜಾಗದಲ್ಲಿ ತಾಮ್ರದ ಪುಡಿ ಬೀಳುವುದು ಅವರಿಗೆ ಬೇಡ.

ಮಿಷನ್ ಹತ್ತಿರ ಸೆರಗು, ದುಪಟ್ಟ, ಬಿಚ್ಚು ಕೂದಲು ಬೇಡ. ಮಕ್ಕಳ ಬೆರಳಂತೂ ಬೇಡವೇ ಬೇಡ. ಉಕ್ಕಿನ ತಂತಿ, ಮರಳು ಉರುಳೆಗೆ ತಾಗಬಾರದು. ಉರುಳೆಗೆ ಒಂದು ಗೀರು ಬಿದ್ದರೆ ಮುಂದೆ ಒತ್ತುವ ಪ್ರತಿ ತಗಡಿಗೂ ಅದೇ ಗೀರು ಬೀಳುತ್ತದೆ. ಸುಟ್ಟ ಪಂಪ್‌ಸೆಟ್ ಮೋಟಾರಿನ ತಂತಿ ಪುಕ್ಕಟೆ ಸಿಗುತ್ತದೆಂದು ಅದನ್ನು ಸುಡಬೇಡಿ, ಮೇಲಿನ ಲೇಪದ ಹೊಗೆ ವಿಷ.

ಮಾರುವಾಗ ಸುಳ್ಳು ಹೇಳಬೇಡಿ. ಬೆವರು ತಾಗಿದರೆ ತಾಮ್ರ ಚರ್ಮಕ್ಕೆ ಹಸಿರು ಬಣ್ಣ ಬಿಡುತ್ತದೆ, ಅದನ್ನು ಮೊದಲೇ ಹೇಳಿ. ಕಿವಿಯ ತೂತಿಗೆ ಹೋಗುವ ಕೊಕ್ಕೆ ಬೆಳ್ಳಿಯದಿರಲಿ. ತಾಮ್ರದ ಬಳೆ ಹಾಕಿದರೆ ಕೀಲುನೋವು ಹೋಗುತ್ತದೆ ಎಂದು ಜಾತ್ರೆಯಲ್ಲಿ ಕೂಗುತ್ತಾರಲ್ಲ, ಅದನ್ನು ನೀವು ಕೂಗಬೇಡಿ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಸಂಧಿವಾತದ 70 ರೋಗಿಗಳಿಗೆ ತಾಮ್ರದ ಬಳೆ ತೊಡಿಸಿ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವಿಗಾಗಲಿ ಊತಕ್ಕಾಗಲಿ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಚೆಂದ ಇದೆ ಎಂದು ಮಾರಿ, ಅಷ್ಟು ಸಾಕು.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರದ್ದೂ ಇದೆ. ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಅಡಮಾನ ಇಲ್ಲದೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ, ಬಡ್ಡಿ ಶೇ. 5. ಅರ್ಜಿಯ ಮೊದಲ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯಿತಿಯಲ್ಲೇ. ಆದರೆ ನಮ್ಮ ಆಚಾರ್ರಿಗೆ ಉಪಕರಣದ ಕೊರತೆ ಇಲ್ಲ, ಕೆಲಸದ ಕೊರತೆ. ಅದನ್ನು ಯೋಜನೆ ಕೊಡಲಾರದು. ಅದನ್ನು ಕೊಡಬೇಕಾದವರು ನಾವು.

ಇದರಿಂದ ಊರು ಉದ್ಧಾರ ಆಗುತ್ತದೆಂದು ನಾನು ಹೇಳುತ್ತಿಲ್ಲ. ನಾಲ್ಕು ಜನ ಕಲಿತು, ತಿಂಗಳಿಗೆ ಒಂದಷ್ಟು ತಗಡು ಆಚಾರ್ರಿಗೆ ತಂದುಕೊಟ್ಟರೆ, ಆ ಹಿಡಿ ತಿರುಗುತ್ತಿರುತ್ತದೆ. ತಗಡಿನ ಬಣ್ಣ ನೋಡಿಯೇ ಹದ ಹೇಳುವ ಕಣ್ಣು ಅವರದ್ದು. ಅದನ್ನು ಕಲಿತವರು ಊರಿನಲ್ಲಿ ಇನ್ನೂ ಯಾರೂ ಇಲ್ಲ.

ದೀಪಾವಳಿವರೆಗೆ ಮಿಷನ್ ಕೊಡಬೇಡಿ ಎಂದು ಅವರಲ್ಲಿ ಕೇಳಿಕೊಂಡಿದ್ದೇನೆ. "ಆಯ್ತು ಮಗಾ, ಅಷ್ಟರಲ್ಲಿ ಇನ್ನಿಬ್ಬರನ್ನ ಕರ್ಕೊಂಡು ಬಾ" ಅಂದಿದ್ದಾರೆ. ಪಕ್ಕದ ಮನೆಯ ಅಕ್ಕ ಬರುತ್ತೇನೆ ಅಂದಿದ್ದಾರೆ. ಇನ್ನೊಬ್ಬರು ಬೇಕು. ನಿಮ್ಮೂರಲ್ಲೂ ಗೋಣಿಚೀಲದ ಕೆಳಗೆ ಇಂಥದ್ದೊಂದು ಮಿಷನ್ ಇದ್ದರೆ, ಗುಜರಿಯವನು ಮತ್ತೆ ಬರುವ ಮೊದಲು ಒಂದು ಎಲೆ ಹಿಡಿದುಕೊಂಡು ಹೋಗಿ ಕೇಳಿ.