ಬೆಳಕು ಎಲ್ಲಿಂದ ಬರುತ್ತದೆ?

ಟಿವಿ ಅಂಗಡಿಯ ಗೋಡೆಯ ತುಂಬ ಒಂದೇ ಚಿತ್ರ. ಸಮುದ್ರದಡಿಯ ಬಣ್ಣಬಣ್ಣದ ಮೀನು, ಇಲ್ಲವೆ ಕಾಡಿನ ಪಂಚರಂಗಿ ಗಿಳಿ. ಎಲ್ಲ ಪರದೆಗಳೂ ಚಪ್ಪಟೆ, ಎಲ್ಲವೂ ತೆಳು, ಎಲ್ಲವೂ ಫಳಫಳ. ವ್ಯತ್ಯಾಸವೇನಿದ್ದರೂ ಕೆಳಗೆ ಅಂಟಿಸಿದ ಚೀಟಿಗಳಲ್ಲಿ. ಒಂದು ಎಲ್‌ಇಡಿ, ಇನ್ನೊಂದು ಕ್ಯೂಎಲ್‌ಇಡಿ, ಮತ್ತೊಂದು ಮಿನಿ ಎಲ್‌ಇಡಿ, ಮೂಲೆಯಲ್ಲಿ ಗತ್ತಿನಿಂದ ನಿಂತಿರುವುದು ಓಎಲ್‌ಇಡಿ. ಒಂದರ ಬೆಲೆಗೆ ಇನ್ನೊಂದು ಎರಡು ಬಂದಾವು. ಚೀಟಿ ಎತ್ತಿದ ಹಣವನ್ನೋ ಹಬ್ಬದ ಬೋನಸ್ಸನ್ನೋ ಹಿಡಿದು ಬಂದ ದಂಪತಿ ಕೇಳುವ ಪ್ರಶ್ನೆ ಒಂದೇ: ‘ಇವುಗಳಲ್ಲಿ ಯಾವುದು ಚೆನ್ನಾಗಿದೆ?’ ಮಾರುವ ಹುಡುಗ ಮೂಲೆಯ ಕಡೆ ಕೈ ತೋರಿಸುತ್ತಾನೆ. ಅವನ ತಪ್ಪೇನೂ ಇಲ್ಲ, ಪ್ರಶ್ನೆಯೇ ಅರ್ಧ. ಪೂರ್ತಿ ಪ್ರಶ್ನೆಗೆ ಎರಡು ಭಾಗ. ಈ ಪರದೆಗೆ ಬೆಳಕು ಎಲ್ಲಿಂದ ಬರುತ್ತದೆ? ಇದು ಹೋಗಿ ಕೂರುವ ಕೋಣೆಯಲ್ಲಿ ಬೆಳಕು ಎಷ್ಟಿದೆ? ಇವೆರಡಕ್ಕೆ ಉತ್ತರ ಗೊತ್ತಾದರೆ ಉಳಿದ ಆಯ್ಕೆ ಕಷ್ಟವಲ್ಲ.

ಡುಬ್ಬದ ಪೆಟ್ಟಿಗೆಯಿಂದ ಹಾಳೆಯವರೆಗೆ

1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಭಾರತಕ್ಕೆ ಬಣ್ಣದ ಟಿವಿ ಬಂತು. ಅಂದಿನ ಟಿವಿಗೆ ಹಿಂದೆ ದೊಡ್ಡ ಡುಬ್ಬವಿತ್ತು. ಡುಬ್ಬದೊಳಗೆ ಇದ್ದದ್ದು ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ 1897ರಲ್ಲಿ ರೂಪಿಸಿದ ಕ್ಯಾಥೋಡ್ ಕಿರಣ ಕೊಳವೆಯ ವಂಶದ್ದು. ಹಿಂಬದಿಯಿಂದ ಹೊರಟ ಎಲೆಕ್ಟ್ರಾನುಗಳು ಮುಂದಿನ ಗಾಜಿಗೆ ಬಳಿದ ರಂಜಕ ಲೇಪಕ್ಕೆ ಬಡಿದು ಅಲ್ಲಿ ಬೆಳಕು ಹುಟ್ಟಿಸುತ್ತಿದ್ದವು. ಎಲೆಕ್ಟ್ರಾನುಗಳ ಕಿರಣ ಪರದೆಯ ಮೂಲೆಮೂಲೆಗೂ ಬಾಗಿ ತಲುಪಬೇಕಾದರೆ ಹಿಂದೆ ಜಾಗ ಬೇಕೇ ಬೇಕು. ಡುಬ್ಬ ಬಂದದ್ದು ಅದಕ್ಕಾಗಿ.

ಡುಬ್ಬವನ್ನು ಕರಗಿಸಿದ ವಸ್ತುವಿನ ಕತೆ ಒಬ್ಬ ಸಸ್ಯವಿಜ್ಞಾನಿಯಿಂದ ಶುರುವಾಗುತ್ತದೆ. ಆಸ್ಟ್ರಿಯಾದ ಫ್ರೀಡ್ರಿಕ್ ರೈನಿಟ್ಜರ್ 1888ರಲ್ಲಿ ಕೊಲೆಸ್ಟರಾಲಿನಿಂದ ಪಡೆದ ಒಂದು ಪದಾರ್ಥವನ್ನು ಕಾಯಿಸುತ್ತಿದ್ದ. 145.5 ಡಿಗ್ರಿ ಸೆಲ್ಸಿಯಸ್ಸಿಗೆ ಅದು ಕರಗಿ ಮಬ್ಬು ದ್ರವವಾಯಿತು. 178.5 ಡಿಗ್ರಿಗೆ ಆ ಮಬ್ಬು ಹರಿದು ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದುಗಳೇ? ನಡುವಿನ ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ನೀರಿನಂತೆ ಹರಿಯುತ್ತದೆ, ಹರಳಿನಂತೆ ಅಣುಗಳು ಸಾಲುಗಟ್ಟಿರುತ್ತವೆ. ಸ್ವಲ್ಪ ವಿದ್ಯುತ್ ಕೊಟ್ಟರೆ ಸಾಲು ತಿರುಗುತ್ತದೆ.

ಈ ತಿರುಗುವಿಕೆಯಿಂದ ಚಿತ್ರ ಹೇಗೆ ಮೂಡುತ್ತದೆ? ಕಿಟಕಿಯ ನಿಲುವು ಸರಳುಗಳ ನಡುವೆ ಹಗ್ಗ ತೂರಿಸಿ ಅಲುಗಿಸಿದರೆ, ಮೇಲೆ ಕೆಳಗೆ ಆಡುವ ಅಲೆ ಆಚೆ ದಾಟುತ್ತದೆ, ಎಡಕ್ಕೆ ಬಲಕ್ಕೆ ಆಡುವ ಅಲೆ ಸರಳಿಗೆ ಬಡಿದು ನಿಲ್ಲುತ್ತದೆ. ಬೆಳಕಿಗೂ ಇಂಥ ಸರಳುಗಳುಂಟು. ಅವಕ್ಕೆ ಧ್ರುವೀಕರಣ ಹಾಳೆಗಳೆಂದು ಹೆಸರು. ಒಂದು ಹಾಳೆಯ ಸರಳು ನಿಲುವಾಗಿ, ಇನ್ನೊಂದರದು ಅಡ್ಡವಾಗಿ ಇದ್ದರೆ ಬೆಳಕು ದಾಟದು. ನಡುವೆ ದ್ರವಸ್ಫಟಿಕವಿದ್ದರೆ ಅದು ಬೆಳಕಿನ ಆಟದ ದಿಕ್ಕನ್ನು ತಿರುಗಿಸಿ ದಾಟಿಸಬಲ್ಲದು, ಬೇಡವೆಂದರೆ ತಡೆಯಬಲ್ಲದು. ಹಾಗೆಂದರೆ ಎಲ್‌ಸಿಡಿ ಪರದೆಯ ಪ್ರತಿಯೊಂದು ಚುಕ್ಕೆಯೂ ಒಂದು ಪುಟ್ಟ ಬಾಗಿಲು. ಅದು ಸ್ವತಃ ಬೆಳಗುವುದಿಲ್ಲ, ಹಿಂದೆ ಉರಿಯುವ ದೀಪದ ಬೆಳಕನ್ನು ಬೇಕಾದಷ್ಟು ಬಿಡುತ್ತದೆ.

ಈ ಕತೆಯಲ್ಲಿ ಬೆಂಗಳೂರಿಗೂ ಪಾಲಿದೆ. ರೈನಿಟ್ಜರನ ನಂತರ ದೊರೆತ ದ್ರವಸ್ಫಟಿಕಗಳ ಅಣುಗಳೆಲ್ಲ ಕಡ್ಡಿಯಂತೆ ಉದ್ದನೆಯವು. ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು 1977ರಲ್ಲಿ ತೋರಿಸಿದರು. ಚಂದ್ರಶೇಖರ್ ಅದಕ್ಕೆ ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಕಲಿಸಿದವರು. ಆರಂಭದ ಎಲ್‌ಸಿಡಿ ಪರದೆಗಳಿಗೆ ಓರೆಯಿಂದ ನೋಡಿದರೆ ಚಿತ್ರ ಕಪ್ಪಿಡುವ ರೋಗವಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಅದಕ್ಕೆ ಕಂಡುಕೊಂಡ ಔಷಧಿ, ಇಂಥ ತಟ್ಟೆಯಾಕಾರದ ಅಣುಗಳನ್ನು ಲೇಪಿಸಿದ ತೆಳು ಹಾಳೆ.

ಹೆಸರು ನಾಲ್ಕು, ಜಾತಿ ಎರಡು

ಈಗ ಅಂಗಡಿಯ ಚೀಟಿಗಳನ್ನು ಓದುವುದು ಸುಲಭ. ಹಿಂದೆ ದೀಪವಿರುವ ಟಿವಿಗಳದು ಒಂದು ಜಾತಿ. ಚುಕ್ಕೆಯೇ ದೀಪವಾಗಿರುವ ಟಿವಿಗಳದು ಇನ್ನೊಂದು.

‘ಎಲ್‌ಇಡಿ ಟಿವಿ’ ಎಂಬುದು ಎಲ್‌ಸಿಡಿ ಟಿವಿಯೇ. ಮೊದಲು ಹಿಂಬದಿಯಲ್ಲಿ ಸಣ್ಣ ಟ್ಯೂಬ್‌ಲೈಟುಗಳಿದ್ದವು, ಅವುಗಳೊಳಗೆ ಪಾದರಸವಿತ್ತು. ಆ ಜಾಗಕ್ಕೆ ಎಲ್‌ಇಡಿ ದೀಪಗಳು ಬಂದವು, ಹೆಸರೂ ಬದಲಾಯಿತು. ನೀಲಿ ಎಲ್‌ಇಡಿಯನ್ನು ಸಾಧಿಸಿ ಬಿಳಿ ಬೆಳಕಿಗೆ ದಾರಿ ಮಾಡಿಕೊಟ್ಟ ಅಕಸಾಕಿ, ಅಮಾನೊ ಮತ್ತು ನಕಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

‘ಕ್ಯೂಎಲ್‌ಇಡಿ’ ಕೂಡ ಇದೇ ಜಾತಿ. ಹಿಂದಿನ ನೀಲಿ ದೀಪದ ಮುಂದೆ ಕ್ವಾಂಟಮ್ ಚುಕ್ಕೆಗಳ ಒಂದು ಹಾಳೆ ಇರುತ್ತದೆ. ಈ ಕಣಗಳ ಗಾತ್ರವೇ ಬಣ್ಣವನ್ನು ತೀರ್ಮಾನಿಸುತ್ತದೆ. ದೊಡ್ಡವು ಕೆಂಪು ಸೂಸುತ್ತವೆ, ಸಣ್ಣವು ಹಸಿರು. ಬಣ್ಣ ಹೆಚ್ಚು ಶುದ್ಧ, ಕಪ್ಪು ಮಾತ್ರ ಹಳೆಯದೇ. ಈ ಕಣಗಳ ಮೇಲಿನ ಕೆಲಸಕ್ಕೆ ಬಾವೆಂಡಿ, ಬ್ರಸ್ ಮತ್ತು ಎಕಿಮೋವ್ ಅವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು.

‘ಕಪ್ಪು ಹಳೆಯದೇ’ ಎಂದರೇನು? ಬಾಗಿಲು ಹಾಕಿದರೂ ಸಂದಿಯಲ್ಲಿ ಬೆಳಕು ಸೋರುವಂತೆ, ದ್ರವಸ್ಫಟಿಕದ ಬಾಗಿಲೂ ಸ್ವಲ್ಪ ಸೋರುತ್ತದೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವಾಗ ಕತ್ತಲ ದೃಶ್ಯ ಬೂದಿ ಬಣ್ಣಕ್ಕೆ ತಿರುಗುವುದು ಇದರಿಂದ. ‘ಮಿನಿ ಎಲ್‌ಇಡಿ’ ಇದಕ್ಕೆ ಒಂದು ಪರಿಹಾರ. ಹಿಂಬದಿಯಲ್ಲಿ ಬಹಳ ಸಣ್ಣ, ಬಹಳ ಹೆಚ್ಚು ದೀಪಗಳನ್ನಿಟ್ಟು, ಚಿತ್ರ ಕಪ್ಪಿರುವ ಕಡೆ ಆಯಾ ಗುಂಪಿನ ದೀಪವನ್ನೇ ತಗ್ಗಿಸುತ್ತಾರೆ.

ಓಎಲ್‌ಇಡಿ ಬೇರೆ ಜಾತಿ. 1987ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ತೋರಿಸಿದ ಹಾದಿ ಇದು. ಇಂಗಾಲದ ಸಂಯುಕ್ತಗಳ ತೆಳುಪದರಕ್ಕೆ ವಿದ್ಯುತ್ ಹರಿಸಿದರೆ ಅದೇ ಬೆಳಗುತ್ತದೆ. ಇಲ್ಲಿ ಹಿಂದೆ ದೀಪವಿಲ್ಲ, ಬಾಗಿಲೂ ಇಲ್ಲ. ಕಪ್ಪು ಬೇಕಾದರೆ ಆ ಚುಕ್ಕೆ ಆರಿಬಿಡುತ್ತದೆ, ಅದಕ್ಕೇ ಕಪ್ಪು ಅಷ್ಟು ಗಾಢ. ಯಾವ ಓರೆಯಿಂದ ನೋಡಿದರೂ ಚಿತ್ರ ಹೆಚ್ಚು ಮಾಸದು. ಆದರೆ ಉರಿದಷ್ಟೂ ಸವೆಯುವ ಗುಣ ಈ ಚುಕ್ಕೆಗಳಿಗಿದೆ. ಒಂದೇ ಜಾಗದಲ್ಲಿ ಒಂದೇ ಚಿತ್ರ ವರ್ಷಗಟ್ಟಲೆ ನಿಂತರೆ ಅಲ್ಲಿನ ಚುಕ್ಕೆಗಳು ಬೇಗ ಸವೆದು, ಚಾನೆಲ್ ಬದಲಿಸಿದರೂ ಹಳೆಯ ಗುರುತು ನೆರಳಿನಂತೆ ಉಳಿಯಬಹುದು.

ಒಂದು ಕಾಲಕ್ಕೆ ಪ್ಲಾಸ್ಮಾ ಎಂಬ ಮೂರನೆಯ ಬಗೆಯೂ ಇತ್ತು. 1964ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಪರದೆಯನ್ನು ದೊಡ್ಡ ಕಂಪನಿಗಳು 2013–14ರ ಹೊತ್ತಿಗೆ ಕೈಬಿಟ್ಟವು. ಹಳೆಯ ಸರಕಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತರುವುದು ಜಾಣತನವಲ್ಲ. ರಿಪೇರಿಗೆ ಬಿಡಿಭಾಗ ಸಿಗದು.

ಟಿವಿಗಿಂತ ಮೊದಲು ಕೋಣೆ

ನಿವೃತ್ತ ತಂದೆ ತಾಯಿ ಇರುವ ಒಂದು ಮನೆಯನ್ನು ಊಹಿಸಬಹುದು. ಹಜಾರಕ್ಕೆ ಎದುರಲ್ಲೇ ದೊಡ್ಡ ಕಿಟಕಿ, ಹಗಲೆಲ್ಲ ಬೆಳಕು. ಬೆಳಗಿನ ಸುಪ್ರಭಾತದಿಂದ ರಾತ್ರಿಯ ಧಾರಾವಾಹಿವರೆಗೆ ಟಿವಿ ನಿಲ್ಲುವುದಿಲ್ಲ. ತಂದೆಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ವಾರ್ತಾ ಚಾನೆಲ್ಲೇ ಅವರ ಸಂಗಾತಿ. ಪರವೂರಿನಲ್ಲಿ ದುಡಿಯುವ ಮಗ ಪ್ರೀತಿಯಿಂದ ‘ಅಪ್ಪನಿಗೆ ಇರುವುದರಲ್ಲೇ ಒಳ್ಳೆಯದು’ ಎಂದು ಸಾಲದ ಕಂತಿನಲ್ಲಿ ಓಎಲ್‌ಇಡಿ ಕಳಿಸಲು ಹೊರಡುತ್ತಾನೆ. ಆ ಮನೆಗೆ ಅದು ಒಳ್ಳೆಯದೇ? ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು ಪ್ರತಿಫಲಿಸಿದಾಗ, ದುಡ್ಡು ಸುರಿದು ಕೊಂಡ ಆ ಗಾಢ ಕಪ್ಪು ಕಾಣುವುದೇ ಇಲ್ಲ. ಇನ್ನು ವಾರ್ತಾ ಚಾನೆಲ್ಲಿನ ಮೂಲೆಯ ಲಾಂಛನ, ಕೆಳಗಿನ ಕೆಂಪು ಪಟ್ಟಿ ದಿನಕ್ಕೆ ಹತ್ತು ಗಂಟೆ ಒಂದೇ ಜಾಗದಲ್ಲಿ ನಿಂತಿರುತ್ತವೆ. ಸವೆತಕ್ಕೆ ಅದು ನೇರ ಆಹ್ವಾನ. ಅಲ್ಲಿಗೆ ಅರ್ಧ ಬೆಲೆಯ, ಹೆಚ್ಚು ಪ್ರಖರವಾದ ಎಲ್‌ಇಡಿ ಟಿವಿಯೇ ತಕ್ಕದ್ದು. ಉಳಿದ ಹಣದಲ್ಲಿ ಮಾತು ಸ್ಪಷ್ಟವಾಗಿ ಕೇಳುವ ಒಂದು ಸೌಂಡ್‌ಬಾರ್ ಕೊಟ್ಟರೆ ವಯಸ್ಸಾದ ಕಿವಿಗಳು ಹರಸುತ್ತವೆ. ತೆಳು ಟಿವಿಗೆ ತೆಳು ದನಿ, ಅದರೊಳಗೆ ಸ್ಪೀಕರಿಗೆ ಜಾಗವೇ ಇಲ್ಲ.

ಇದಕ್ಕೆ ತದ್ವಿರುದ್ಧ ಇನ್ನೊಂದು ಮನೆ. ದಂಪತಿ ಹಗಲೆಲ್ಲ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಪರದೆ ಎಳೆದು ದೀಪ ಆರಿಸಿ ಸಿನಿಮಾ ನೋಡುತ್ತಾರೆ. ಕೈಯಲ್ಲಿ ಹಣವಿದ್ದರೆ ಅಂಥವರಿಗೆ ಓಎಲ್‌ಇಡಿಗೆ ಸಾಟಿಯಿಲ್ಲ. ನಡುವಿನ ಬಜೆಟ್ಟಿನವರಿಗೆ ಮಿನಿ ಎಲ್‌ಇಡಿ ಇದೆ.

ಮನೆ ತುಂಬ ಜನ, ಒಬ್ಬರು ಸೋಫಾದಲ್ಲಿ, ಇಬ್ಬರು ಚಾಪೆಯ ಮೇಲೆ, ಅಡುಗೆಮನೆಯ ಬಾಗಿಲಿಂದ ಇನ್ನೊಬ್ಬರು ನೋಡುವ ಮನೆಯಾದರೆ ಓರೆನೋಟ ಮುಖ್ಯ. ಎಲ್‌ಸಿಡಿ ಪರದೆಗಳಲ್ಲಿ ಐಪಿಎಸ್ ಮತ್ತು ವಿಎ ಎಂದು ಎರಡು ಬಗೆಯುಂಟು. ಐಪಿಎಸ್ ಬದಿಯಿಂದಲೂ ಚೆನ್ನಾಗಿ ಕಾಣುತ್ತದೆ. ವಿಎ ಎದುರಿನಿಂದ ಹೆಚ್ಚು ಗಾಢ ಕಪ್ಪು ಕೊಡುತ್ತದೆ, ಬದಿಯಿಂದ ಮಾಸುತ್ತದೆ. ಅಂಗಡಿಯವರಿಗೆ ಇದು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ ಪರದೆಯೇ ಹೇಳುತ್ತದೆ.

ಅಳತೆಯ ಲೆಕ್ಕ

ಟಿವಿಯ ಇಂಚು ಅಗಲದ್ದಲ್ಲ, ಕರ್ಣದ್ದು. 43 ಇಂಚಿನ ಟಿವಿ ಸುಮಾರು 95 ಸೆಂಟಿಮೀಟರ್ ಅಗಲ, 54 ಸೆಂಟಿಮೀಟರ್ ಎತ್ತರ. 55 ಇಂಚಿನದು ಸುಮಾರು 122 ಸೆಂಟಿಮೀಟರ್ ಅಗಲ, 68 ಎತ್ತರ. ಇಂಚು ಹೆಚ್ಚಿದ್ದು ಹನ್ನೆರಡಾದರೂ ಪರದೆಯ ವಿಸ್ತೀರ್ಣ ಒಂದೂವರೆ ಪಟ್ಟಿಗೂ ಮೀರಿ ಬೆಳೆಯುತ್ತದೆ. ಹಳೆಯ ಪೇಪರ್ ಹಾಳೆಗಳನ್ನು ಆ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ ಎರಡು ದಿನ ನೋಡಿದರೆ ಖರ್ಚಿಲ್ಲದೆ ತೀರ್ಮಾನವಾಗುತ್ತದೆ.

ಇನ್ನು ‘4ಕೆ’ಯ ಮಾತು. ಫುಲ್ ಎಚ್‌ಡಿ ಪರದೆಯಲ್ಲಿ 1920 × 1080, ಅಂದರೆ ಸುಮಾರು 20 ಲಕ್ಷ ಚುಕ್ಕೆಗಳು. 4ಕೆಯಲ್ಲಿ 3840 × 2160, ಅಂದರೆ ಸುಮಾರು 83 ಲಕ್ಷ. ನಾಲ್ಕು ಪಟ್ಟು ಚುಕ್ಕೆ ಎಂದರೆ ನಾಲ್ಕು ಪಟ್ಟು ಚೆಂದವೇ? ಸಾಮಾನ್ಯ ಆರೋಗ್ಯದ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬಿಡಿಸಿ ನೋಡಬಲ್ಲದು. ಅದಕ್ಕಿಂತ ಕಡಿಮೆಯಾದರೆ ಎರಡು ಚುಕ್ಕೆ ಒಂದೇ ಆಗಿ ಕಾಣುತ್ತವೆ. 43 ಇಂಚಿನ ಫುಲ್ ಎಚ್‌ಡಿ ಪರದೆಯ ಒಂದು ಚುಕ್ಕೆ ಸುಮಾರು ಅರ್ಧ ಮಿಲಿಮೀಟರ್. ಲೆಕ್ಕ ಹಾಕಿದರೆ ಐದೂವರೆ ಅಡಿಗಿಂತ ದೂರ ಕೂತವರಿಗೆ ಅದರ ಚುಕ್ಕೆಗಳೇ ಬಿಡಿಬಿಡಿಯಾಗಿ ಕಾಣವು. 55 ಇಂಚಿಗೆ ಈ ದೂರ ಸುಮಾರು ಏಳು ಅಡಿ. ಒಂಬತ್ತು ಅಡಿ ದೂರದ ಸೋಫಾದಿಂದ ನೋಡುವವರು 4ಕೆಗೆಂದೇ ಹೆಚ್ಚು ಹಣ ಕೊಟ್ಟರೆ, ಕಣ್ಣಿಗೆ ಕಾಣದ್ದಕ್ಕೆ ಕೊಟ್ಟಂತೆ.

ಇನ್ನೊಂದು ತೊಡಕಿದೆ. ಕೇಬಲ್ಲಿನಲ್ಲೋ ಡಿಶ್ಶಿನಲ್ಲೋ ಬರುವ ಎಚ್‌ಡಿ ಅಲ್ಲದ ಚಾನೆಲ್ಲುಗಳ ಚಿತ್ರದಲ್ಲಿ ಇರುವುದು 576 ಸಾಲು. 4ಕೆ ಪರದೆಗೆ ಬೇಕಾದ್ದು 2160. ಮಿಕ್ಕ ಸಾಲುಗಳನ್ನು ಟಿವಿ ಊಹೆಯಿಂದ ತುಂಬುತ್ತದೆ. ಧಾರಾವಾಹಿಯ ನಾಯಕಿಯ ಮುಖ ಹೊಸ ದೊಡ್ಡ ಟಿವಿಯಲ್ಲಿ ಕಲಸಿದಂತೆ ಕಂಡರೆ ಟಿವಿ ಕೆಟ್ಟಿದೆಯೆಂದಲ್ಲ. ಹಾಲಿಗೆ ನೀರು ಬೆರೆಸಿದ ಮೇಲೆ ಲೋಟ ದೊಡ್ಡದಾದರೆ ಏನು ಬಂತು?

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ಅಂಗಡಿಯ ಗಿಳಿಯನ್ನು ನಂಬಬಾರದು. ಅದು ಮಾರಾಟಕ್ಕೆಂದೇ ತೆಗೆದ ಚಿತ್ರ, ಟಿವಿಯನ್ನೂ ಅತಿ ಪ್ರಖರವಾಗಿ ಉರಿಯುವಂತೆ ಇಟ್ಟಿರುತ್ತಾರೆ. ದಿನವೂ ನೋಡುವ ಚಾನೆಲ್ಲನ್ನೇ ಹಾಕಿ ತೋರಿಸಲು ಕೇಳಬೇಕು. ಮನೆಯ ಮದುವೆಯ ವಿಡಿಯೊವನ್ನು ಪೆನ್ ಡ್ರೈವಿನಲ್ಲಿ ಒಯ್ದರೆ ಇನ್ನೂ ಒಳ್ಳೆಯದು. ಪರಿಚಿತ ಮುಖಗಳ ಬಣ್ಣ ಸರಿಯಿದೆಯೋ ಇಲ್ಲವೋ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಬಿಇಇ ನಕ್ಷತ್ರದ ಚೀಟಿಯಲ್ಲಿ ನಕ್ಷತ್ರಕ್ಕಿಂತ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದನ್ನು ಓದಬೇಕು. 80 ವ್ಯಾಟಿನ ಟಿವಿ ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ 146 ಯೂನಿಟ್, 160 ವ್ಯಾಟಿನದಾದರೆ ಅದರ ಇಮ್ಮಡಿ. ತನ್ನೂರಿನಲ್ಲಿ ಆ ಕಂಪನಿಯ ರಿಪೇರಿ ಕೇಂದ್ರ ಇದೆಯೇ ಎಂಬುದನ್ನು ಹಣ ಕೊಡುವ ಮುನ್ನವೇ ವಿಚಾರಿಸಬೇಕು. ಪರದೆ ಒಡೆದರೆ ಹೊಸದನ್ನು ಹಾಕಿಸುವ ಖರ್ಚು ಹೊಸ ಟಿವಿಯ ಬೆಲೆಗೆ ಹತ್ತಿರ ಬರುತ್ತದೆ.

ಮನೆಗೆ ತಂದ ಮೇಲೆ ಕಿಟಕಿಯ ಎದುರು ಬೇಡ, ದೇವರ ಪಟದಷ್ಟು ಎತ್ತರಕ್ಕೂ ಬೇಡ. ಕೂತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬಂದರೆ ಕುತ್ತಿಗೆ ನೋಯದು. ಮೇಜಿನ ಮೇಲಿಟ್ಟರೆ ಪಟ್ಟಿಯಿಂದ ಗೋಡೆಗೆ ಬಿಗಿಯಬೇಕು. ಹಳೆಯ ಡುಬ್ಬದ ಟಿವಿಯಂತೆ ಇದು ಕೂತಲ್ಲೇ ಕೂರುವುದಿಲ್ಲ, ಅಂಬೆಗಾಲಿಡುವ ಮಗು ಹಿಡಿದೆಳೆದರೆ ಮೇಲೆ ಬೀಳುತ್ತದೆ. ಗುಡುಗು ಮಿಂಚು ದೂರದಲ್ಲಿ ಕೇಳಿಸುತ್ತಿದ್ದಂತೆಯೇ, ತಲೆಯ ಮೇಲೆ ಬರುವ ಮುನ್ನ, ಕರೆಂಟಿನ ಪ್ಲಗ್ಗಿನ ಜೊತೆಗೆ ಕೇಬಲ್ ವೈರನ್ನೂ ಕಳಚಬೇಕು. ಮಿಂಚಿನ ವಿದ್ಯುತ್ತು ಆ ದಾರಿಯಲ್ಲೂ ಬರುತ್ತದೆ. ಒರೆಸಲು ಒಣ ಮೆತ್ತನೆಯ ಬಟ್ಟೆ ಸಾಕು, ನೀರು ಚಿಮುಕಿಸಬಾರದು.

ಕೊನೆಗೆ, ಮನೆಯ ಹಳೆಯ ಟಿವಿ. ಡುಬ್ಬದ ಟಿವಿಯ ಗಾಜಿನಲ್ಲಿ ಸೀಸವಿದೆ, ಮೊದಲ ಎಲ್‌ಸಿಡಿಗಳ ದೀಪದಲ್ಲಿ ಪಾದರಸ. ತಾಮ್ರಕ್ಕಾಗಿ ಅದನ್ನು ಒಡೆಯುವ ಗುಜರಿಯ ಹುಡುಗನ ಕೈಗೆ, ಉಸಿರಿಗೆ ಅವು ಹೋಗುತ್ತವೆ. ಇ-ತ್ಯಾಜ್ಯ ಪಡೆಯುವ ನೋಂದಾಯಿತ ಕೇಂದ್ರಕ್ಕೋ, ಹಳೆಯದನ್ನು ವಾಪಸು ಪಡೆಯುವ ಅಂಗಡಿಗೋ ಅದನ್ನು ಮುಟ್ಟಿಸಬೇಕು. ಹೊಸ ಟಿವಿಯ ಲೆಕ್ಕದಲ್ಲಿ ಈ ಕೆಲಸವೂ ಸೇರಿದೆ.