ಮನೆಯವರೊಬ್ಬರು ಆರೋಪಿಯಾದಾಗ: ಹೈದರಾಬಾದಿನಲ್ಲಿ ಕುಟುಂಬಕ್ಕೆ ನೆರವು ಎಲ್ಲಿ ಸಿಗುತ್ತದೆ?

ಮಗನನ್ನು ಠಾಣೆಗೆ ಕರೆದೊಯ್ದಿದ್ದಾರೆ ಎಂದು ಫೋನ್ ಬಂದ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಅಮ್ಮ ಬಿಪಿ ಮಾತ್ರೆ ಮರೆಯುತ್ತಾರೆ. ಪಕ್ಕದ ಮನೆಯವರು ಕೇಳಿದರೆ "ಊರಿಗೆ ಹೋಗಿದ್ದಾನೆ" ಎನ್ನುತ್ತೀರಿ. ಈ ಮುಚ್ಚಿಡುವಿಕೆಯಿಂದಲೇ ಸಿಗಬೇಕಾದ ನೆರವು ತಡವಾಗುತ್ತದೆ. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದು ತೀರ್ಮಾನವಾಗುವವರೆಗೆ ನೀವು ಕಾಯಬೇಕಿಲ್ಲ.

ಹೈದರಾಬಾದ್ ಇದನ್ನು ಬಹಳ ಕಟುವಾಗಿ ಕಂಡಿದೆ. 2019ರ ನವೆಂಬರ್ 27ರ ರಾತ್ರಿ ಶಂಶಾಬಾದ್ ಬಳಿ ಯುವ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ನಡೆಸಿ ಕೊಲ್ಲಲಾಯಿತು. ಬಂಧಿತರಾದ ನಾಲ್ವರು ನಮ್ಮ ರಾಯಚೂರಿಗೆ ಹೊಂದಿಕೊಂಡ ನಾರಾಯಣಪೇಟೆ ಜಿಲ್ಲೆಯವರು. ಅವರ ಪರ ವಾದಿಸುವುದಿಲ್ಲ ಎಂದು ಶಾದನಗರದ ವಕೀಲರ ಸಂಘ ನಿರ್ಧರಿಸಿತು. ಡಿಸೆಂಬರ್ 6ರ ಬೆಳಗಿನ ಜಾವ ಪೊಲೀಸರ ಗುಂಡಿಗೆ ನಾಲ್ವರೂ ಸತ್ತರು. ಜನ ಪೊಲೀಸರ ಮೇಲೆ ಹೂ ಸುರಿದರು. ಕುಟುಂಬದವರಿಗೆ ಶವ ಸಿಕ್ಕಿದ್ದು ಡಿಸೆಂಬರ್ 23ರಂದು, ಗಾಂಧಿ ಆಸ್ಪತ್ರೆಯಲ್ಲಿ ಎರಡನೇ ಮರಣೋತ್ತರ ಪರೀಕ್ಷೆ ಮುಗಿದ ಮೇಲೆ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ನಾಲ್ವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂದು ಆಯೋಗ ಹೇಳಿತು.

ಕೊಲೆಯಾದ ಹೆಣ್ಣುಮಗಳ ಮನೆಯವರ ದುಃಖವನ್ನು ಇದು ಕಿರಿದು ಮಾಡುವುದಿಲ್ಲ. ಆದರೆ ಆ ಹತ್ತು ದಿನಗಳಲ್ಲಿ ಆರೋಪಿಗಳ ಮನೆಯವರಿಗೆ ಬೇಕಿದ್ದದ್ದು ಏನು ಎಂದು ನೋಡಿ: ಒಬ್ಬ ವಕೀಲ, ಮತ್ತು ವಯಸ್ಸು ತೋರಿಸುವ ಶಾಲೆಯ ದಾಖಲೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ವಯಸ್ಸು ನಿರ್ಧರಿಸುವಾಗ ಮೊದಲು ನೋಡುವುದು ಶಾಲೆಯ ಪ್ರಮಾಣಪತ್ರವನ್ನು. ಹುಡುಗ 18ರ ಆಸುಪಾಸಿನವನಾದರೆ ಊರಿನ ಶಾಲೆಯಿಂದ ಅದನ್ನು ಅಂದೇ ತರಿಸಿಕೊಳ್ಳಿ.

ವಕೀಲ, ಭಾಷೆ, ಔಷಧಿ

ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಪುರಾನಿ ಹವೇಲಿಯ ಸಿಟಿ ಸಿವಿಲ್ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ವಕೀಲರ ಸಂಘಗಳು ಆರೋಪಿಗಳಿಗೆ ಬಹಿಷ್ಕಾರ ಹಾಕುವ ನಿರ್ಣಯ ಅಸಿಂಧು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಬಂಧಿಸಿದ ವಿಷಯವನ್ನು ಪೊಲೀಸರು ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ತೆಲುಗು ಓದಲು ಬಾರದ ನಮ್ಮವರು ಇನ್ನೊಂದು ತೀರ್ಪನ್ನು ನೆನಪಿಡಬೇಕು. ಬಂಧನದ ಕಾರಣಗಳನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ.

ಗಾಬರಿಯಲ್ಲಿ ಎಲ್ಲರೂ ಮರೆಯುವುದು ಔಷಧಿ. ಮೂರ್ಛೆರೋಗ, ಸಕ್ಕರೆ ಕಾಯಿಲೆ, ಮಾನಸಿಕ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದ್ದರೆ ವೈದ್ಯರ ಚೀಟಿಯ ಪ್ರತಿಯನ್ನು ವಕೀಲರ ಕೈಗೆ ಕೊಡಿ. ಬಂಧಿತರ ವೈದ್ಯಕೀಯ ತಪಾಸಣೆ ಕಡ್ಡಾಯ, ಅಲ್ಲಿಯೂ ಇದು ದಾಖಲಾಗಲಿ. ದಿನವೂ ಕುಡಿಯುವ ಅಭ್ಯಾಸವಿದ್ದರೆ ನಾಚಿಕೆಪಡದೆ ಹೇಳಿಬಿಡಿ. ಕುಡಿತ ಥಟ್ಟನೆ ನಿಂತ ಎರಡು ಮೂರು ದಿನಗಳಲ್ಲಿ ನಡುಕ, ಭ್ರಮೆ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ.

ಮನೆಯಲ್ಲಿ ಉಳಿದವರು

ನಿದ್ದೆ ಬಾರದಿದ್ದರೆ, ಸಾಯುವ ಯೋಚನೆ ಸುಳಿದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಕೇಸಿನ ವಿವರ ಹೇಳಬೇಕಿಲ್ಲ, ನಿಮಗೆ ಏನಾಗುತ್ತಿದೆ ಎಂದಷ್ಟೇ ಹೇಳಿದರೆ ಸಾಕು. ಎದುರು ಕೂತು ಮಾತನಾಡಬೇಕು ಎನಿಸಿದರೆ ಎರ್ರಗಡ್ಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಮಕ್ಕಳಿಗೆ ಸುಳ್ಳು ಹೇಳಬೇಡಿ. ಶಾಲೆಯಲ್ಲಿ ಯಾರೋ ಒಬ್ಬರು ಹೇಗೂ ಹೇಳಿಯೇ ಹೇಳುತ್ತಾರೆ. "ಅಪ್ಪನನ್ನು ಪೊಲೀಸರು ವಿಚಾರಣೆ ಮಾಡುತ್ತಿದ್ದಾರೆ, ಇದರಲ್ಲಿ ನಿನ್ನ ತಪ್ಪಿಲ್ಲ" ಎಂಬಷ್ಟು ಸದ್ಯಕ್ಕೆ ಸಾಕು.

ದೂರು ಕೊಟ್ಟವರ ಮನೆಗೆ "ರಾಜಿ" ಎಂದು ಹೋಗಬೇಡಿ. ಅವರಿಗೆ ಅದು ಇನ್ನೊಂದು ಪೆಟ್ಟು, ಜಾಮೀನಿಗೂ ಕುತ್ತು. ದೂರು ಕೊಟ್ಟವಳು ನಿಮ್ಮದೇ ಮನೆಯ ಸೊಸೆಯೋ ಮಗಳೋ ಆಗಿದ್ದರೆ ಅವಳಿಗೆ ಬೇರೆಯೇ ಬೆಂಬಲ ಬೇಕು. ಮಹಿಳಾ ಸಹಾಯವಾಣಿ 181 ಮತ್ತು ನಗರದ ಭರೋಸಾ ಕೇಂದ್ರ ಅದಕ್ಕೆಂದೇ ಇವೆ.

ಮುಂದೆ ಚಂಚಲಗುಡ ಅಥವಾ ಚೆರ್ಲಪಲ್ಲಿ ಜೈಲಿನಲ್ಲಿ ಮುಲಾಖಾತ್‌ಗೆ ಹೋಗಬೇಕಾಗಿ ಬಂದರೆ ಗುರುತಿನ ಚೀಟಿ ಇಟ್ಟುಕೊಳ್ಳಿ, ಭೇಟಿಯ ಸಮಯವನ್ನು ಮೊದಲೇ ವಿಚಾರಿಸಿ. ಅಂದು ಅಮ್ಮನ ಜೊತೆ ಮನೆಯಲ್ಲಿ ಕೂರಲು ಯಾರನ್ನಾದರೂ ಕರೆಯಿರಿ. ಅತ್ತಿಗೆಯಾಗಲಿ, ಚಿಕ್ಕಮ್ಮನಾಗಲಿ, ನಿಜ ಗೊತ್ತಿರುವ ಒಬ್ಬರು ಸಾಕು.