ಮೂರು ಬಾಯಿಗೆ ನಾಲ್ಕು ಪೈಪು

ಜೇವರ್ಗಿ–ಸಿಂದಗಿ ರಸ್ತೆಯಲ್ಲಿ, ನೆಲೋಗಿಯ ಹತ್ತಿರ, ಹಳೇ ಅಂಬಾಸಿಡರ್ ಎದುರಾದರೆ ಜನ ಈಗಲೂ ತಿರುಗಿ ನೋಡುತ್ತಾರೆ. ಈ ಊರಿನ ಧರ್ಮಸಿಂಗ್ 2004ರಲ್ಲಿ ಮುಖ್ಯಮಂತ್ರಿಯಾದಾಗ ಸರ್ಕಾರಿ ಕಾರೆಂದರೆ ಜನರ ಕಣ್ಣಿಗೆ ಕಟ್ಟುತ್ತಿದ್ದದ್ದು ಅದೇ. 2014ರಲ್ಲಿ ತಯಾರಿಕೆ ನಿಂತಿತು, ಇಟ್ಟುಕೊಂಡವರ ಮೋಹ ನಿಲ್ಲಲಿಲ್ಲ. ಆ ಮೋಹದ ಬೆನ್ನಿಗೇ ಒಂದು ಸಲಹೆಯೂ ಬರುತ್ತದೆ: “ಆ ಬೀಡಿನ ಮ್ಯಾನಿಫೋಲ್ಡ್ ತೆಗಸ್ರಿ, ಹೆಡರ್ ಕೂಡಸ್ರಿ. ಆಮ್ಯಾಲ ಪಿಕಪ್ ನೋಡ್ರಿ.”

ಹೀಗೆ ಹೇಳುವ ಮಿಸ್ತ್ರಿಗಳ ಕೈಗುಣದ ಮೇಲೆ ನನಗೆ ಪೂರ್ಣ ನಂಬಿಕೆ. ಅನುಮಾನ ಇರುವುದು ಈ ಮಾತಿನ ಮೇಲೆ ಮಾತ್ರ.

ಹೊಗೆ ಹೊರಹಾಕುವ ಎರಕದ ಬೀಡಿನ ಮ್ಯಾನಿಫೋಲ್ಡ್ ತೆಗೆದು, ಆ ಜಾಗಕ್ಕೆ ಬೇರೆ ಬೇರೆ ಉದ್ದನೆಯ ಪೈಪುಗಳ ಹೆಡರ್ ಕೂಡಿಸುವುದರ ತತ್ತ್ವವೇನೋ ಸುಳ್ಳಲ್ಲ. ವಾಲ್ವ್ ತೆರೆದಾಗ ಹೊಗೆ ಒಂದು ಅಲೆಯಾಗಿ ನುಗ್ಗುತ್ತದೆ. ಪೈಪಿನ ಉದ್ದ ಹದವಾಗಿದ್ದರೆ ಆ ಅಲೆ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಆದರೆ ಒಂದು ಉದ್ದ ಒಂದಿಷ್ಟು ವೇಗಕ್ಕಷ್ಟೇ ಹೊಂದುತ್ತದೆ. ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ (ಇಸುಜು ಎಂಜಿನ್ನಿನ ಗಾಡಿಗಳದ್ದು ಬೇರೆ ಲೆಕ್ಕ) ಬ್ರಿಟನ್ನಿನ ಬಿಎಂಸಿ ಬಿ-ಸರಣಿಯದು. ಅದರ ಶಕ್ತಿ ಸುಮಾರು 50 ಅಶ್ವಶಕ್ತಿ, ಅದೂ ನಿಮಿಷಕ್ಕೆ 4200 ಸುತ್ತಿನ ಆಸುಪಾಸಿನಲ್ಲಿ. ನಾಲ್ಕು ಮಂದಿಯನ್ನೂ ಡಿಕ್ಕಿಯಲ್ಲಿ ತೊಗರಿ ಚೀಲವನ್ನೂ ಹೊತ್ತ ಗಾಡಿಯ ಎಂಜಿನ್ ಅಷ್ಟು ಸುತ್ತುವುದು ಯಾವಾಗ? ಅದೂ ಹೋಗಲಿ, ಈ ಎಂಜಿನ್ ಉಸಿರು ಬಿಡಲು ಒದ್ದಾಡುವುದಕ್ಕಿಂತ ಎಳೆದುಕೊಳ್ಳಲು ಒದ್ದಾಡುವುದೇ ಹೆಚ್ಚು. ಇರುವುದು ಒಂದೇ ಕಾರ್ಬುರೇಟರ್, ನಾಲ್ಕು ಸಿಲಿಂಡರಿಗೆ ಒಳಬರುವ ದಾರಿ ಎರಡೇ. ಮುಂಬಾಗಿಲು ಕಿರಿದಾದ ಮನೆಗೆ ಹಿತ್ತಲ ಬಾಗಿಲು ಅಗಲ ಮಾಡಿಸಿ ಏನು ಬಂತು?

ಹೊಗೆ ಹೋಗುವ ಬಾಯಿಗಳನ್ನೂ ಎಣಿಸಿ ನೋಡಿ, ಮೂರೇ ಇವೆ. 2 ಮತ್ತು 3ನೇ ಸಿಲಿಂಡರಿಗೆ ನಡುವಿನ ಒಂದೇ ಬಾಯಿ. ಉರಿಯುವ ಸರದಿ 1-3-4-2 ಆದ್ದರಿಂದ ಆ ಎರಡರ ಹೊಗೆ ಕ್ರ್ಯಾಂಕಿನ ಪೂರಾ ಒಂದು ಸುತ್ತಿನ ಅಂತರದಲ್ಲಿ ಬರುತ್ತದೆ, ಒಂದನ್ನೊಂದು ತಳ್ಳುವುದಿಲ್ಲ. 1 ಮತ್ತು 4ರದ್ದೂ ಹಾಗೆಯೇ. ಹೀಗಾಗಿ ನಾಲ್ಕು ಪೈಪಿನ ಹೆಡರ್ ತೋರಿಸಿದವರಿಗೆ, ನಾಲ್ಕನೆಯದನ್ನು ಎಲ್ಲಿ ಕೂಡಿಸುತ್ತೀರಿ ಎಂದು ಮೆಲ್ಲಗೆ ಕೇಳಬಹುದು. ಸರಿಯಾದದ್ದು ಮೂರು ಪೈಪಿನದು: ಅಂಚಿನ ಎರಡು ಮೊದಲು ಒಂದಾಗಬೇಕು, ನಡುವಿನದು ಒಂಟಿಯಾಗಿ ಉದ್ದಕ್ಕೆ ಬಂದು ಕೆಳಗೆ ಸೇರಬೇಕು.

ಕೂಡಿಸುವಾಗಲೇ ನಿಜವಾದ ತಾಪತ್ರಯ. ಈ ಎಂಜಿನ್ನಿನಲ್ಲಿ ಒಳಬರುವ, ಹೊರಹೋಗುವ ಎರಡೂ ಮ್ಯಾನಿಫೋಲ್ಡು ಒಂದೇ ಮಗ್ಗುಲಿಗೆ ಇವೆ. ಕೆಲವು ಸ್ಟಡ್ಡುಗಳಲ್ಲಿ ಒಂದೇ ದಪ್ಪ ವಾಷರ್ ಎರಡರ ಅಂಚನ್ನೂ ಒತ್ತಿ ಹಿಡಿಯುತ್ತದೆ. ಹೆಡರಿನ ಫ್ಲ್ಯಾಂಜ್ ಕೂದಲೆಳೆಯಷ್ಟು ತೆಳುವಾದರೂ ವಾಷರ್ ಓರೆಯಾಗಿ ಕೂರುತ್ತದೆ, ಹೊಗೆ ಸೋರುತ್ತದೆ. ದಪ್ಪವಾದರೆ ಒಳಬರುವ ಮ್ಯಾನಿಫೋಲ್ಡಿನ ಕಡೆಯಿಂದ ಗಾಳಿ ನುಸುಳಿ ಎಂಜಿನ್ ಮಿಸ್ ಹೊಡೆಯುತ್ತದೆ. ವೆಲ್ಡಿಂಗಿನ ಕಾವಿಗೆ ಫ್ಲ್ಯಾಂಜ್ ಬಾಗುವುದು ಖಾತ್ರಿ, ಆದ್ದರಿಂದ ಆಮೇಲೆ ಮಷಿನ್ನಿಗೆ ಕೊಟ್ಟು ಮುಖ ಸಮ ಮಾಡಿಸಲೇಬೇಕು. ಹೊಸ ಗ್ಯಾಸ್ಕೆಟ್, ಹಿತ್ತಾಳೆ ನಟ್ಟು, ನಡುವಿನಿಂದ ಅಂಚಿಗೆ ಬಿಗಿ, ಒಮ್ಮೆ ಕಾದು ಆರಿದ ಮೇಲೆ ಮತ್ತೊಂದು ಬಿಗಿ. ಕಾರ್ಬುರೇಟರಿನ ಮಿಶ್ರಣವನ್ನೂ ಮತ್ತೆ ಹೊಂದಿಸಬೇಕು.

ಇನ್ನು ನಮ್ಮ ಬಿಸಿಲು. ಕಲಬುರಗಿ ಸೀಮೆಯ ಮೇ ತಿಂಗಳಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಂತಾಗ, ಪಂಪಿನ ಮೇಲೆ ತೊಯ್ಸಿದ ಅರಿವೆ ಹಾಕಿದ ಡ್ರೈವರುಗಳನ್ನು ಬಲ್ಲವರು ಬಲ್ಲರು. ತೆಳು ಪೈಪು ಕಾದರೆ ಝಳವೆಲ್ಲ ಮೇಲಿರುವ ಕಾರ್ಬುರೇಟರಿಗೇ ಹೊಡೆಯುತ್ತದೆ. ಝಳ ತಡೆಯಲೆಂದು ಪೈಪಿಗೆ ಪಟ್ಟಿ ಸುತ್ತಿದರೆ ಮಳೆಗಾಲದಲ್ಲಿ ಪಸೆ ಹಿಡಿದು ಒಳಗಿಂದೊಳಗೆ ಜಂಗು ತಿನ್ನುತ್ತದೆ.

ಬೀಡು ಬಿರಿದಿದೆ, ಬದಲಿ ಸಿಗುತ್ತಿಲ್ಲ ಎಂದರೆ ಮಾತು ಬೇರೆ. ಆಗ ಹೆಡರ್ ಹಾಕಿಸುವುದರಲ್ಲಿ ತಪ್ಪಿಲ್ಲ. ಆದರೂ ಮೊದಲು ಗುಜರಿಯಲ್ಲಿ ಹಳೇ ಟ್ಯಾಕ್ಸಿಯದೊಂದು ಸಿಗುತ್ತದೆಯೇ ಹುಡುಕಿ, ಇಲ್ಲವೇ ಬೀಡನ್ನು ಕಾಯಿಸಿ ಬೆಸೆಯಬಲ್ಲ ಕೈ ಹುಡುಕಿ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಎಂಜಿನ್ನಿಗೆ ಕೈಹಾಕುವ ಮುನ್ನ ಅದೂ ನೆನಪಿರಲಿ.

ಇಷ್ಟಾದ ಮೇಲೂ ಹಾಕಿಸಲೇಬೇಕು ಅನಿಸಿದರೆ ಹಾಕಿಸಿ, ಗಾಡಿ ನಿಮ್ಮದು. ಬಿಚ್ಚಿದ ಮ್ಯಾನಿಫೋಲ್ಡನ್ನು ಮಾತ್ರ ತೂಕಕ್ಕೆ ಹಾಕಬೇಡಿ. ಎಣ್ಣೆ ಸವರಿ, ಗೋಣಿತಟ್ಟಿನಲ್ಲಿ ಸುತ್ತಿ ಅಟ್ಟದ ಮೇಲಿಡಿ.